ಕೊಟ್ಟ ಕೋಳಿಯ ಮೊದಲ ಏಳು ರಾತ್ರಿ

(ಸಂಘದ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ಪಂಪನ ವಿಷಯ, ಬಸವಣ್ಣನವರ ವಿಷಯ, ದಾಸರ ವಿಷಯ ಮಾತನಾಡುವುದು ವಾಡಿಕೆ. ಅಂಥ ಮೇಜಿನ ಮುಂದೆ ನಿಂತು ಕೋಳಿಯ ವಿಷಯ ಎತ್ತುತ್ತಿದ್ದೇವೆ. ನಗುವವರು ಈಗಲೇ ನಕ್ಕುಬಿಟ್ಟರೆ ಅನುಕೂಲ. ಸಭೆಯಲ್ಲಿ ಕೋಳಿಯನ್ನು ಮುಟ್ಟದ ಮಹನೀಯರೂ ಇದ್ದೀರಿ. ತಮ್ಮ ಕ್ಷಮೆ ಕೋರುತ್ತೇವೆ. ಆದರೆ ನಾವು ಇಂದು ಹೇಳುವುದು ತಿನ್ನುವ ಮಾತಲ್ಲ, ಸಾಕುವ ಮಾತು. ನಾವು ಪಶುವೈದ್ಯರೂ ಅಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವವರು. ಕಳೆದ ವರ್ಷ ನಮ್ಮ ಕೈಯಿಂದ ಒಂದು ತಪ್ಪು ನಡೆದುಹೋಯಿತು. ಅದನ್ನು ಮುಚ್ಚಿಡುವುದಕ್ಕಿಂತ ಬಿಚ್ಚಿ ಹೇಳುವುದು ಒಳ್ಳೆಯದೆಂದು ಕಾರ್ಯದರ್ಶಿಗಳು ಒತ್ತಾಯಿಸಿದ್ದರಿಂದ ಎದ್ದು ನಿಂತಿದ್ದೇವೆ.

ನಡೆದದ್ದು ಹೀಗೆ. ಗಿರಣಿಯ ಹಿಂಬದಿಯ ಹಳೆಯ ಚಾಳನ್ನು ಕೆಡವಿ ಎತ್ತರದ ಕಟ್ಟಡ ಎಬ್ಬಿಸುವುದೆಂದು ನಿಶ್ಚಯವಾಗಿ, ಎಲ್ಲರೂ ಖೋಲಿ ಖಾಲಿ ಮಾಡತೊಡಗಿದ್ದರು. ಕೊನೆಯ ಖೋಲಿಯಲ್ಲಿದ್ದ ಅಜ್ಜಿಯೊಬ್ಬರು ಒಂದು ಸಂಜೆ ವಾಚನಾಲಯಕ್ಕೆ ಬಂದರು. ಇಂಡಿ ತಾಲೂಕಿನವರು. ಅವರ ಹತ್ತಿರ ಆರು ಹೇಂಟೆ, ಒಂದು ಹುಂಜ ಇದ್ದುವು. ಮಗನಿಗೆ ಬಾಡಿಗೆಗೆ ದೊರೆತ ಮನೆ ನಾಲ್ಕನೆಯ ಮಾಳಿಗೆಯಲ್ಲಿ; ಅಲ್ಲಿ ಕೋಳಿಗೆ ಜಾಗವಿಲ್ಲ. ಕೋಳಿಯಂಗಡಿಯವನು ತೂಕದ ಲೆಕ್ಕದಲ್ಲಿ ಬೆಲೆ ಹೇಳಿಹೋಗಿದ್ದನಂತೆ. ಅಜ್ಜಿ ಒಪ್ಪಲಿಲ್ಲ. "ಮಾರೂದಿದ್ರ ಯಾವಾಗೋ ಮಾರತಿದ್ದೆ. ಸಾಕೋರಿಗೆ ಕೊಡ್ರಿ" ಎಂದರು.

ಇದೇನು ದೊಡ್ಡ ಕೆಲಸವೆಂದು ನಾವು ಸ್ವಯಂಸೇವಕರು ಒಪ್ಪಿಕೊಂಡೆವು. ವಾಚನಾಲಯಕ್ಕೆ ಬರುವವರಲ್ಲಿ ನಾಲ್ಕು ಮನೆಯವರು ಮುಂದೆ ಬಂದರು. ಒಂದೇ ಸಂಜೆಯಲ್ಲಿ ಏಳೂ ಕೋಳಿಗಳನ್ನು ಹಂಚಿ ಮುಗಿಸಿ, ಚಹಾ ಕುಡಿದು ಮನೆಗೆ ಹೋದೆವು. ಇಲ್ಲಿಂದ ಒಂದು ಪುಸ್ತಕ ಹೊರಗೆ ಹೋದರೆ ಹೆಸರು ಬರೆದುಕೊಳ್ಳುತ್ತೇವೆ, ತಾರೀಖು ಬರೆದುಕೊಳ್ಳುತ್ತೇವೆ, ಹಿಂತಿರುಗದಿದ್ದರೆ ಮನೆ ಬಾಗಿಲಿಗೆ ಹೋಗುತ್ತೇವೆ. ಜೀವವಿರುವ ಪ್ರಾಣಿಗೆ ಅಷ್ಟನ್ನೂ ಮಾಡಲಿಲ್ಲ.

ಮೊದಲನೆಯ ಮನೆಗೆ ಎರಡು ಹೇಂಟೆ ಹೋದುವು. ಅವರು ಮರುದಿನ ಬೆಳಿಗ್ಗೆಯೇ ಕಾಲು ಬಿಚ್ಚಿ ಹೊರಗೆ ಬಿಟ್ಟರು. ಹಗಲೆಲ್ಲ ಕೆದಕಿಕೊಂಡಿದ್ದು, ಸಂಜೆಯಾಗುತ್ತಲೇ ಹೊಸ ಗೂಡನ್ನು ಬಿಟ್ಟು ಹಳೆಯ ಚಾಳಿನ ದಿಕ್ಕಿಗೆ ನಡೆದುವು. ಕತ್ತಲಾದಲ್ಲಿ ಒಂದು ಟೆಂಪೋ ಗಾಡಿಯ ಅಡಿಯಲ್ಲಿ ಕೂತುಬಿಟ್ಟುವು. ಬೀದಿನಾಯಿಗಳು ಎರಡನ್ನೂ ಮುಗಿಸಿದುವು. ಎರಡನೆಯ ಮನೆಯವರು ಗೂಡು ಕಟ್ಟಿ ಆರು ಮೂಲೆಯ ಕಣ್ಣಿನ ಕೋಳಿ ಬಲೆ ಹೊಡೆದಿದ್ದರು. ಮೂರನೆಯ ರಾತ್ರಿ ಒಂದು ಹೇಂಟೆ ಬಲೆಗೆ ಒರಗಿ ಕೂತಿತ್ತು. ಬೆಳಿಗ್ಗೆ ನೋಡಿದರೆ ತಲೆಯಿಲ್ಲ, ಕುತ್ತಿಗೆಯಿಲ್ಲ, ಉಳಿದ ಮೈ ಗೂಡಿನಲ್ಲೇ ಇದೆ. ಜೊತೆಯ ಕೆಂಪು ಹೇಂಟೆ ಮೂಲೆಯಲ್ಲಿ ನಡುಗುತ್ತಿತ್ತು. ಮೂರನೆಯ ಮನೆಯ ಕತೆ ಇನ್ನೂ ಕೆಟ್ಟದ್ದು, ಆಮೇಲೆ ಹೇಳುತ್ತೇವೆ. ನಾಲ್ಕನೆಯ ಮನೆಗೆ ಹೋದ ಒಂದು ಹೇಂಟೆ ಮತ್ತು ಹುಂಜ ಮಾತ್ರ ಸುಖವಾಗಿದ್ದುವು. ಆ ಮನೆಯ ಗೃಹಿಣಿ ಹಾವೇರಿ ಕಡೆಯವರು. ಅವರು ಯಾವ ಪುಸ್ತಕವನ್ನೂ ಓದಿದವರಲ್ಲ. ಆದರೆ ನಾವು ಇಂದು ಹೇಳುವುದರಲ್ಲಿ ಅರ್ಧ ಅವರಿಂದ ಕಲಿತದ್ದೇ.

ಅವರು ಮಾಡಿದ್ದಿಷ್ಟೆ. ಹೊಸ ಕೋಳಿಗಳನ್ನು ಕತ್ತಲಾದ ಮೇಲೆ ತಂದು ಗೂಡಿನೊಳಗೆ ಅಡ್ಡಕೋಲಿನ ಮೇಲೆ ಕೂರಿಸಿದರು. ಮುಂದಿನ ಏಳು ದಿನ ಹೊರಗೆ ಬಿಡಲೇ ಇಲ್ಲ. ಕಾಳು, ನೀರು, ಸೊಪ್ಪು ಎಲ್ಲವೂ ಒಳಗೇ. ಎಂಟನೆಯ ದಿನ ಬಿಟ್ಟದ್ದು ಬೆಳಿಗ್ಗೆಯಲ್ಲ, ಸಂಜೆ, ಸೂರ್ಯ ಮುಳುಗಲು ಒಂದು ತಾಸು ಇರುವಾಗ, ಹೊಟ್ಟೆ ಹಸಿದಿರುವಾಗ. ಕೋಳಿ ನಾಲ್ಕು ಹೆಜ್ಜೆ ತಿರುಗಾಡುವಷ್ಟರಲ್ಲಿ ಕತ್ತಲಾಯಿತು, ಕಾಳಿನ ಡಬ್ಬಿ ಅಲುಗಾಡಿಸಿದರು, ಒಳಗೆ ಬಂದುವು.

ಇದರ ಹಿಂದೆ ಕಾರಣವಿದೆ. ಕೋಳಿಗೆ ಹಗಲು ಕಣ್ಣು ಬಹಳ ಚುರುಕು, ಕತ್ತಲಾದ ಮೇಲೆ ಕಾಣುವುದು ಬಹಳ ಕಡಿಮೆ. ಆದ್ದರಿಂದ ಅದಕ್ಕೆ ಮನೆಯೆಂದರೆ ಕಾಳು ಸಿಗುವ ಜಾಗವಲ್ಲ, ರಾತ್ರಿ ಕೂರುವ ಜಾಗ. ಬೆಳಕು ಕುಂದುತ್ತಲೇ ಅದು ತಾನು ಅಭ್ಯಾಸ ಮಾಡಿಕೊಂಡ ಆ ಒಂದು ಜಾಗವನ್ನು ಹುಡುಕುತ್ತದೆ. ಹೊಸ ಜಾಗ ಮನಸ್ಸಿನಲ್ಲಿ ಕೂತಿರದಿದ್ದರೆ ಹಳೆಯದನ್ನು ಅರಸಿ ಹೊರಡುತ್ತದೆ. ನಡುದಾರಿಯಲ್ಲಿ ಕತ್ತಲಾದರೆ ಇದ್ದಲ್ಲೇ ಕಲ್ಲಿನಂತೆ ಕೂರುತ್ತದೆ. ನಾಯಿಗೆ, ಬೆಕ್ಕಿಗೆ ಅದಕ್ಕಿಂತ ಸುಲಭದ ಊಟ ಉಂಟೆ? ನಮ್ಮ ಹುಡುಗರೂ ಊರಿನಿಂದ ಹೊಸದಾಗಿ ಬಂದಾಗ ಮೊದಲ ವಾರ ಸ್ಟೇಷನ್ನಿನಿಂದ ಖೋಲಿಗೆ ದಾರಿ ತಪ್ಪುವುದಿಲ್ಲವೆ? ಅವರು ಕೇಳಿಕೊಂಡು ಬರುತ್ತಾರೆ. ಕೋಳಿ ಯಾರನ್ನು ಕೇಳೀತು?

ಆದ್ದರಿಂದ ಈಗ ನಾವು ಕೋಳಿ ಬೇಕೆಂದು ಬಂದವರಿಗೆ ಜಾಗ ಎಷ್ಟಿದೆ, ಕಾಳಿಗೆ ಏನು ಮಾಡುತ್ತೀರಿ ಎಂದು ಮೊದಲು ಕೇಳುವುದಿಲ್ಲ. ಸಂಜೆ ಆರೂವರೆಗೆ ಮನೆಯಲ್ಲಿ ಯಾರಿರುತ್ತಾರೆ, ಎಂದು ಕೇಳುತ್ತೇವೆ. ಎರಡನೆಯ ಪಾಳಿಯ ಮಿತ್ರರು ಇದನ್ನು ಕೇಳಿ ಬೇಸರಪಟ್ಟುಕೊಂಡದ್ದುಂಟು. ಬೇಸರದ ಮಾತಲ್ಲ. ಹಗಲೆಲ್ಲ ಕೋಳಿ ತನ್ನನ್ನು ತಾನೇ ನೋಡಿಕೊಂಡೀತು. ದೀಪ ಹಚ್ಚುವ ಹೊತ್ತಿಗೆ ಎಣಿಸಿ, ಬಾಗಿಲು ಹಾಕಿ, ಅಗುಳಿ ಬಿಗಿಯುವ ಕೈ ಒಂದು ಬೇಕೇ ಬೇಕು. ರಾತ್ರಿ ಹನ್ನೆರಡಕ್ಕೆ ಪಾಳಿ ಮುಗಿಸಿ ಬಂದು ಬಾಗಿಲು ಹಾಕುವುದೆಂದರೆ, ಬೆಕ್ಕಿನ ಊಟ ಮುಗಿದ ಮೇಲೆ ಎಲೆ ಎತ್ತಿದಂತೆ. ಒಂಟಿಯಾಗಿರುವವರು ನೆರೆಮನೆಯ ಹುಡುಗನಿಗೆ ವಾರಕ್ಕೆ ಎರಡು ಮೊಟ್ಟೆ ಕೊಟ್ಟು ಈ ಕೆಲಸ ಒಪ್ಪಿಸಬಹುದು. ನಮ್ಮಲ್ಲಿ ಇಬ್ಬರು ಹಾಗೆಯೇ ನಡೆಸುತ್ತಿದ್ದಾರೆ.

ಇನ್ನು ಶತ್ರುಗಳ ವಿಷಯ. ಕೋಳಿ ಸತ್ತರೆ ನಮ್ಮಲ್ಲಿ ಎಲ್ಲಕ್ಕೂ ಮುಂಗುಸಿಯ ಮೇಲೆ ಹೊರೆ ಹೊರಿಸುವುದು ರೂಢಿ. ಮುಂಗುಸಿ ಹಗಲಿನ ಪ್ರಾಣಿ. ನಡುರಾತ್ರಿಯ ಕೊಲೆ ಸಾಮಾನ್ಯವಾಗಿ ಅದರದ್ದಲ್ಲ. ಹಗಲು ಹೊತ್ತಿನಲ್ಲಿ ಮೊಟ್ಟೆಗೆ, ಮರಿಗೆ, ಕಾವು ಕೂತ ಹೇಂಟೆಗೆ ಅದು ಅಪಾಯ. ರಾತ್ರಿ ಬರುವವರು ಬೇರೆ. ಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋಗುತ್ತದೆ, ನಾಲ್ಕು ಗರಿ ಬಿಟ್ಟು ಬೇರೆ ಗುರುತು ಇರುವುದಿಲ್ಲ. ನಾಯಿ ಒಂದನ್ನು ತಿನ್ನಲಿಕ್ಕೆ ಬಂದು ಸಿಕ್ಕಿದ್ದನ್ನೆಲ್ಲ ಕೊಂದು, ತಿನ್ನದೆ ಬಿಟ್ಟುಹೋಗುವುದೂ ಉಂಟು. ಹೆಗ್ಗಣ ನೆಲ ತೋಡಿ ಬರುತ್ತದೆ. ಗೂಡಿನ ಬದಿಯಲ್ಲಿ ಹೊಸ ಮಣ್ಣಿನ ಗುಪ್ಪೆ ಕಂಡರೆ ಅವನೇ ಎಂದು ತಿಳಿಯಬೇಕು. ಮೊಟ್ಟೆ, ಮರಿ ಎಳೆದೊಯ್ಯುವುದಲ್ಲದೆ ಮಲಗಿದ ಕೋಳಿಯ ಕಾಲನ್ನೇ ಕಡಿಯುತ್ತದೆ. ಕೇರೆಹಾವು ಮೊಟ್ಟೆಯನ್ನೂ ಮರಿಯನ್ನೂ ಇಡಿಯಾಗಿ ನುಂಗುವುದರಿಂದ ಗುರುತೇ ಉಳಿಯದು. ಎರಡನೆಯ ಮನೆಯಲ್ಲಿ ನಡೆದಂತೆ ತಲೆ ಕುತ್ತಿಗೆ ಮಾತ್ರ ಹೋಗಿ ಮೈ ಉಳಿದಿದ್ದರೆ ಪುನುಗು ಬೆಕ್ಕಿನ ಜಾತಿಯದೋ ಕಾಡುಬೆಕ್ಕೋ ಇರಬಹುದು. ಗುಡ್ಡದ ಬದಿಯ ವಸತಿಗಳಲ್ಲಿ ಅವು ಈಗಲೂ ಇವೆ. ಮಾಡಿನ ಮೇಲೆ ನಡೆದು ಬರುತ್ತವೆ, ನೆಲದಲ್ಲಿ ಹೆಜ್ಜೆ ಹುಡುಕಿ ಪ್ರಯೋಜನವಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕಾಗಿದೆ. ಸಿಟ್ಟಿನಿಂದ ವಿಷ ಇಡುವವರಿದ್ದಾರೆ. ಮುಂಗುಸಿ, ಪುನುಗು ಬೆಕ್ಕು, ಉಡ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿಗಳು, ಕೊಂದರೆ ಅಪರಾಧ. ಅದಿರಲಿ, ನಾಲ್ಕಾರು ಖೋಲಿಗಳ ನಡುವೆ ಇಟ್ಟ ವಿಷ ಮೊದಲು ಯಾರ ಬಾಯಿಗೆ ಹೋದೀತೆಂದು ಯೋಚಿಸಿ. ಆ ಅಂಗಳದಲ್ಲಿ ಮಕ್ಕಳು ತೆವಳುತ್ತವೆ. ಮೇಲಾಗಿ ಒಂದು ಬೆಕ್ಕನ್ನು ಕೊಂದರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ಕಳ್ಳನನ್ನು ಹುಡುಕಿಕೊಂಡು ಓಡುವುದಕ್ಕಿಂತ ಬಾಗಿಲು ಭದ್ರ ಮಾಡುವುದು ಅಗ್ಗ.

ಆ ಬಾಗಿಲಿನ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ, ಏಕೆಂದರೆ ನಮ್ಮ ದುಡ್ಡು ನಷ್ಟವಾದದ್ದು ಇಲ್ಲಿಯೇ. ಪೇಟೆಯಲ್ಲಿ ಕೋಳಿ ಬಲೆಯೆಂದು ಮಾರುವ ತೆಳು ತಂತಿಯ ಬಲೆ ಕೋಳಿಯನ್ನು ಒಳಗೆ ಇಡಲಿಕ್ಕೆ ಸಾಕು, ಪರರನ್ನು ಹೊರಗೆ ಇಡಲಿಕ್ಕೆ ಸಾಲದು. ನಾಯಿ ಹಲ್ಲಿನಿಂದ ಹರಿಯುತ್ತದೆ. ಬೆಕ್ಕು ಕಣ್ಣಿನೊಳಗೆ ಪಂಜ ತೂರಿಸುತ್ತದೆ. ಬೇಕಾದದ್ದು ಬೆಸುಗೆ ಹಾಕಿದ, ಅರ್ಧ ಅಂಗುಲ ಕಣ್ಣಿನ ಗಟ್ಟಿ ಜಾಲರಿ. ಬೆಲೆ ಜಾಸ್ತಿ, ನಿಜ. ಹಾಗಾದರೆ ಗೂಡನ್ನು ಚಿಕ್ಕದು ಮಾಡಿ, ಜಾಲರಿಯನ್ನು ಅಗ್ಗದ್ದು ಮಾಡಬೇಡಿ. ರಾತ್ರಿ ಕೂರಲು ನಾಲ್ಕು ಕೋಳಿಗೆ ಒಂದು ಹಳೆಯ ಮರದ ಪೆಟ್ಟಿಗೆಯಷ್ಟು ಜಾಗ ಸಾಕು. ಗಾಳಿಯಾಡುವ ಕಡೆಗೆ ಮಾತ್ರ ಜಾಲರಿ, ಉಳಿದದ್ದಕ್ಕೆ ಹಲಗೆ. ಒಳಗೆ ಅಡ್ಡಕೋಲನ್ನು ಜಾಲರಿಯಿಂದ ಒಂದು ಮೊಳ ದೂರ ಕಟ್ಟಬೇಕು. ಆ ಒಂದು ಮೊಳ ಇದ್ದಿದ್ದರೆ ಅಜ್ಜಿಯ ಆ ಹೇಂಟೆ ಇಂದಿಗೂ ಇರುತ್ತಿತ್ತು.

ನೆಲದ ಮೇಲೆ ಗೂಡು ಇಡುವುದಾದರೆ ಸುತ್ತಲೂ ಒಂದು ಅಡಿ ಅಗಲದ ಜಾಲರಿಯನ್ನು ಹೊರಕ್ಕೆ ಹಾಸಿ, ಮೇಲೆ ಕಲ್ಲು ಮಣ್ಣು ಹೇರಬೇಕು. ತೋಡುವ ಪ್ರಾಣಿ ಗೋಡೆಯ ಬುಡದಲ್ಲೇ ತೋಡಲು ಶುರುಮಾಡಿ, ಜಾಲರಿ ತಗುಲಿ ಕೈಬಿಡುತ್ತದೆ. ಹಿಂದೆ ಸರಿದು ತೋಡುವ ಬುದ್ಧಿ ಅದಕ್ಕೆ ಬೇಗ ಹೊಳೆಯುವುದಿಲ್ಲ. ನಮ್ಮ ವಸತಿಗಳಲ್ಲಿ ಹೆಗ್ಗಣದ ಕಾಟ ಹೇಳತೀರದಷ್ಟು ಇರುವುದರಿಂದ, ಎರಡು ಮೂರು ಅಡಿ ಎತ್ತರದ ಕಾಲುಗಳ ಮೇಲೆ ಗೂಡು ನಿಲ್ಲಿಸುವುದೇ ಮೇಲು. ಕಾಲಿಗೆ ನುಣುಪಾದ ತಗಡು ಸುತ್ತಿದರೆ ಇಲಿ ಹತ್ತಲಾರದು. ಎಣ್ಣೆ ಡಬ್ಬಿಯ ತಗಡು ಸಾಕು. ಉಳಿದ ಕಾಳನ್ನು ರಾತ್ರಿ ಗೂಡಿನಲ್ಲಿ ಬಿಡಬಾರದು. ಹೆಗ್ಗಣ ಮೊದಲು ಬರುವುದು ಕಾಳಿಗೆ. ಬಂದ ಮೇಲೆ ಮರಿಯ ಪರಿಚಯವಾಗುತ್ತದೆ.

ಹಗಲಿನ ಶತ್ರು ಮೇಲಿನಿಂದ ಬರುತ್ತಾನೆ. ಮುಂಬಯಿ ಸೀಮೆಯಲ್ಲಿ ಹದ್ದುಗಳಿಗೆ ಬರವಿಲ್ಲ. ಕಾಗೆಯೂ ಎಳೆಯ ಮರಿಯನ್ನು ಬಿಡದು. ಹಳೆಯ ಡಬ್ಬಿ, ಹೊಳೆಯುವ ಹಾಳೆ ಕಟ್ಟಿದರೆ ನಾಲ್ಕು ದಿನ ಹೆದರುತ್ತವೆ, ಐದನೆಯ ದಿನ ಅದರ ಮೇಲೆಯೇ ಬಂದು ಕೂರುತ್ತವೆ. ಊರಲ್ಲಿ ನಮ್ಮ ತಾಯಂದಿರು ಮಂಕರಿ ಕವುಚಿ ಮರಿಗಳನ್ನು ಇಡುತ್ತಿದ್ದರಲ್ಲ, ಅದಕ್ಕಿಂತ ಒಳ್ಳೆಯ ಉಪಾಯವನ್ನು ನಾವು ಕಾಣಲಿಲ್ಲ. ಎರಡು ತಿಂಗಳು ತುಂಬುವವರೆಗೆ ಮರಿಗಳು ಬುಟ್ಟಿಯಡಿಯಲ್ಲೋ ಜಾಲರಿಯಡಿಯಲ್ಲೋ ಇರಲಿ. ಬಿಟ್ಟಾಗ ಓಡಿ ಅಡಗಲು ಒಂದು ಹಲಗೆಯೋ ಪೊದೆಯೋ ಹತ್ತಿರ ಇರಲಿ. ಹುಂಜ ಇದ್ದರೆ ಬಹಳ ಉಪಕಾರ. ಗಮನಿಸಿ ಕೇಳಿ: ಆಕಾಶದಲ್ಲಿ ಹದ್ದು ಕಂಡರೆ ಅದರ ಕೂಗು ಒಂದು, ನೆಲದಲ್ಲಿ ಬೆಕ್ಕು ಕಂಡರೆ ಇನ್ನೊಂದು. ಮೊದಲನೆಯ ಕೂಗಿಗೆ ಎಲ್ಲವೂ ಮರೆಗೆ ಓಡುತ್ತವೆ. ಎರಡನೆಯದಕ್ಕೆ ಕತ್ತು ನಿಮಿರಿಸಿ ನಿಂತು ನೋಡುತ್ತವೆ. ಆದರೆ ಕೋಳಿ ಕೊಡುತ್ತೇವೆಂದರೆ ಎಲ್ಲರೂ ಹೇಂಟೆಗೆ ಕೈ ಒಡ್ಡುತ್ತಾರೆ, ಹುಂಜ ಯಾರಿಗೂ ಬೇಡ. ಬೆಳಗಿನ ಜಾವ ನಾಲ್ಕಕ್ಕೆ ಕೂಗಿದರೆ ರಾತ್ರಿ ಪಾಳಿಯ ನೆರೆಯವರು ಜಗಳಕ್ಕೆ ಬರುತ್ತಾರೆ, ಅದೂ ನ್ಯಾಯವೇ. ಮೊಟ್ಟೆಗಾಗಿ ಹುಂಜ ಬೇಕಿಲ್ಲ, ಮರಿಗಾಗಿ ಮಾತ್ರ ಬೇಕು. ಎಷ್ಟೋ ಜನಕ್ಕೆ ಇದು ತಿಳಿಯದು.

ಯಾವ ಜಾತಿ ಸಾಕಬೇಕೆಂದು ಕೇಳುವವರಿದ್ದೀರಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ಗಿರಿರಾಜ, ಹೈದರಾಬಾದಿನಲ್ಲಿ ಬೆಳೆಸಿದ ವನರಾಜ, ಇವು ನಾಟಿಗಿಂತ ಬೇಗ ತೂಕ ಕಟ್ಟುತ್ತವೆ, ಮೊಟ್ಟೆಯೂ ಹೆಚ್ಚು. ಆದರೆ ಮೈಭಾರ, ಹಾರಿ ತಪ್ಪಿಸಿಕೊಳ್ಳುವುದರಲ್ಲಿ ನಾಟಿಗೆ ಸಮನಲ್ಲ, ಕಾವು ಕೂರುವುದೂ ಅಪರೂಪ. ನಾಯಿ ಬೆಕ್ಕು ತಿರುಗುವ ತೆರೆದ ಅಂಗಳಕ್ಕೆ ನಾಟಿಯೇ ವಾಸಿ ಎಂದು ನಮ್ಮ ಅಭಿಪ್ರಾಯ.

ಈಗ ಮೂರನೆಯ ಮನೆಗೆ ಬರುತ್ತೇವೆ. ಅವರಲ್ಲಿ ಮೊದಲೇ ಒಂಬತ್ತು ಕೋಳಿಗಳಿದ್ದುವು. ಅಜ್ಜಿಯ ಒಂದು ಹೇಂಟೆಯನ್ನು ಆ ಒಂಬತ್ತರ ನಡುವೆ ಹಗಲಿನಲ್ಲೇ ಬಿಟ್ಟೆವು. ಎಲ್ಲವೂ ಸೇರಿ ಕುಕ್ಕಿ ಅದರ ಜುಟ್ಟಿನಲ್ಲಿ ರಕ್ತ ಬರಿಸಿದುವು. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಮೇಲು ಕೀಳಿನ ಸಾಲು ಇದೆ. ನಾರ್ವೆ ದೇಶದ ಶೆಲ್ಡೆರುಪ್-ಎಬ್ಬೆ ಎಂಬ ವಿದ್ವಾಂಸ ಇದನ್ನು ಕೂತು ನೋಡಿ 1922ರಲ್ಲಿ ಬರೆದು ಪ್ರಕಟಿಸಿದ. ಹೊಸಬ ಬಂದರೆ ಆ ಸಾಲೆಲ್ಲ ಕಲಕುತ್ತದೆ. ನಮ್ಮ ಗಿರಣಿಯ ಖಾತೆಯಲ್ಲೂ ಹಾಗೆಯೇ, ಬಿಡಿ. ಒಂಟಿ ಕೋಳಿಯನ್ನು ಸೇರಿಸಬಾರದು, ಜೋಡಿಯನ್ನು ಸೇರಿಸಬೇಕು. ಮೊದಲು ಕೆಲವು ದಿನ ನಡುವೆ ಜಾಲರಿ ಇಟ್ಟು ಮುಖ ಪರಿಚಯ ಮಾಡಿಸಿ, ಆಮೇಲೆ ರಾತ್ರಿ ಹೊತ್ತು ಕೋಲಿನ ಮೇಲೆ ಪಕ್ಕದಲ್ಲಿ ಕೂರಿಸಬೇಕು. ಕಾಳಿನ ತಟ್ಟೆ ಎರಡು ಇಡಬೇಕು.

ಆದರೆ ಆ ಮನೆಯಲ್ಲಿ ನಾಶ ಮಾಡಿದ್ದು ಕುಕ್ಕಾಟವಲ್ಲ. ಆರೇಳು ದಿನದಲ್ಲಿ ಕೋಳಿಗಳು ಬಾಯಿ ತೆರೆದು ಉಸಿರಾಡತೊಡಗಿದುವು, ಹಸಿರು ಬಣ್ಣದ ಭೇದಿ, ಕತ್ತು ತಿರುಚಿಕೊಂಡು ಬೀಳುವುದು. ಹತ್ತರಲ್ಲಿ ಒಂಬತ್ತು ಸತ್ತುವು. ಸರಕಾರಿ ಪಶುವೈದ್ಯರು ಬಂದು ನೋಡಿ, ರಾಣಿಖೇತ ರೋಗ, ನಮ್ಮ ಕಡೆ ಕೊಕ್ಕರೆ ರೋಗವೆನ್ನುವುದು, ಎಂದರು. ಅವರು ಕೇಳಿದ ಮೊದಲ ಪ್ರಶ್ನೆ, "ಕೋಳಿಯನ್ನು ಯಾವುದರಲ್ಲಿ ತಂದಿರಿ?" ಎಂದು. ನಾವು ತಂದದ್ದು ಕೋಳಿಯಂಗಡಿಯಿಂದ ಎರವಲು ಪಡೆದ ಬುಟ್ಟಿಯಲ್ಲಿ. ತೊಳೆದಿರಲಿಲ್ಲ. ಎಲ್ಲೆಲ್ಲಿಂದಲೋ ಬಂದ ಕೋಳಿಗಳ ಹಿಕ್ಕೆ ಅದರಲ್ಲಿ ಒಣಗಿತ್ತು. ರೋಗ ಬುಟ್ಟಿಯಿಂದಲೇ ಬಂತೆಂದು ಅವರು ಆಣೆ ಮಾಡಿ ಹೇಳಲಿಲ್ಲ, ಬರಬಹುದು ಎಂದರು. ನಮಗೆ ಅಷ್ಟೇ ಸಾಕಾಯಿತು. ಆ ಮನೆಯ ಯಜಮಾನತಿ ಮೊಟ್ಟೆ ಮಾರಿ ಮಗಳ ಶಾಲೆಯ ಖರ್ಚು ತೂಗಿಸುತ್ತಿದ್ದರು. ಅವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು. ಸ್ವಯಂಸೇವಕರು ಹಣ ಕೂಡಿಸಿ ಎರಡು ತಿಂಗಳ ಬಳಿಕ ಮರಿಗಳನ್ನು ತಂದುಕೊಟ್ಟೆವು. ಮೊಟ್ಟೆಗೆ ಬರುವಷ್ಟರಲ್ಲಿ ಆ ಶಾಲೆಯ ವರ್ಷ ಮುಗಿದಿತ್ತು.

ಈ ರೋಗಕ್ಕೆ ಚಿಕಿತ್ಸೆಯಿಲ್ಲ, ಲಸಿಕೆಯಿದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎರಡು ತಿಂಗಳ ಹೊತ್ತಿಗೆ ಚುಚ್ಚುಮದ್ದು. ತೊಂದರೆಯೆಂದರೆ ಲಸಿಕೆಯ ಸೀಸೆ ನೂರಾರು ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಕೆಲವೇ ತಾಸುಗಳಲ್ಲಿ ಮುಗಿಸಬೇಕು. ನಾಲ್ಕು ಕೋಳಿಯವನು ಒಬ್ಬನೇ ಅದನ್ನು ಕೊಳ್ಳಲಾರ. ಅದಕ್ಕಾಗಿ ಈಗ ಒಂದು ಭಾನುವಾರ ಗೊತ್ತುಮಾಡಿ, ಸುತ್ತಲಿನ ಎಲ್ಲ ಮನೆಗಳಿಗೂ ಒಟ್ಟಿಗೆ ಹಾಕಿಸುತ್ತಿದ್ದೇವೆ. ಕನ್ನಡದವರ ಕೋಳಿ, ಮರಾಠಿಯವರ ಕೋಳಿ ಎಂದು ರೋಗ ನೋಡುವುದಿಲ್ಲವಾದ್ದರಿಂದ ನಾವೂ ನೋಡುವುದಿಲ್ಲ. ಹೊಸ ಕೋಳಿ ತಂದವರು ಮೂರು ವಾರ ಬೇರೆ ಕಡೆ, ಬೇರೆ ತಟ್ಟೆಯಲ್ಲಿ ಇಡಬೇಕು. ಹಳೆಯವುಗಳಿಗೆ ಮೊದಲು ಕಾಳು ಹಾಕಿ, ಆಮೇಲೆ ಹೊಸದರ ಬಳಿ ಹೋಗಬೇಕು, ಕೈ ತೊಳೆಯಬೇಕು. ಗೂಡು ಅಭ್ಯಾಸವಾಗುವ ಏಳು ದಿನ ಈ ಮೂರು ವಾರದ ನಂತರದ ಲೆಕ್ಕ. ಮೊದಲೇ ಕೋಳಿ ಇಲ್ಲದ ಮನೆಗೆ ಏಳು ದಿನವೇ ಸಾಕು.

ಏಕಾಏಕಿ ಹಲವು ಕೋಳಿಗಳು ಸತ್ತರೆ ಉಳಿದವನ್ನು ಯಾರಿಗೂ ಕೊಡಬಾರದು, ಊರಿಗೂ ಕಳಿಸಬಾರದು. ನಮ್ಮ ದೇಶದಲ್ಲಿ ಹಕ್ಕಿಜ್ವರ ಮೊದಲು ಗೊತ್ತಾದದ್ದು 2006ರ ಫೆಬ್ರುವರಿಯಲ್ಲಿ ಇದೇ ಮಹಾರಾಷ್ಟ್ರದ ನವಾಪುರದಲ್ಲಿ. 2012ರಲ್ಲಿ ಬೆಂಗಳೂರಿನ ಹತ್ತಿರ ಹೆಸರಘಟ್ಟಕ್ಕೂ ಬಂತು. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯ ಕಚೇರಿಗೆ ತಿಳಿಸಬೇಕು.

ಊರಿಗೆ ಒಯ್ಯುವವರಿಗೆ ಎರಡು ಮಾತು. ಕಾಲು ಕಟ್ಟಿ ತಲೆಕೆಳಗಾಗಿ ತೂಗಾಡಿಸಿಕೊಂಡು ಹೋಗುವುದನ್ನು ದಯವಿಟ್ಟು ಬಿಡಿ. ಅನಾವಶ್ಯಕವಾಗಿ ಹಿಂಸೆಯಾಗುವಂತೆ ಪ್ರಾಣಿಯನ್ನು ಸಾಗಿಸುವುದು 1960ರ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಗಾಳಿಯಾಡುವ ಹೊಸ ಬುಟ್ಟಿ, ಅಡಿಗೆ ಹುಲ್ಲು, ರಾತ್ರಿಯ ಪ್ರಯಾಣ. ನೀರು ಚೆಲ್ಲುವ ಬದಲು ಸೌತೆಕಾಯಿ ಹೋಳು. ವಿಜಾಪುರದ ಬೇಸಗೆಯಲ್ಲಿ ಹಗಲು ಬಸ್ಸಿನ ಮೇಲೆ ಬುಟ್ಟಿ ಇಟ್ಟರೆ ಇಳಿಸುವಾಗ ಜೀವ ಇರುವುದು ಅನುಮಾನ. ತಲುಪಿದ ಮೇಲೆ ಎರಡು ಮೂರು ವಾರ ಮೊಟ್ಟೆ ನಿಲ್ಲಿಸಬಹುದು. ಬಂಜೆ ಕೋಳಿ ಕೊಟ್ಟರೆಂದು ಬೈದು ಸಾರು ಮಾಡಿಬಿಡಬೇಡಿ. ಸ್ಥಳ ಬದಲಾದರೆ ಹಾಗಾಗುತ್ತದೆ.

ಎರಡನೆಯ ಮನೆಯಲ್ಲಿ ಉಳಿದ ಆ ಕೆಂಪು ಹೇಂಟೆ ಈಗ ಹೊಸ ಗೂಡಿನಲ್ಲಿ ಕಾವು ಕೂತಿದೆ. ಅದರಡಿ ಹನ್ನೊಂದು ಮೊಟ್ಟೆ. ಹುಂಜವಿರುವ ನಾಲ್ಕನೆಯ ಮನೆಯಿಂದ ತಂದಿಟ್ಟವು. ಕೂತು ಇಂದಿಗೆ ಹದಿನಾರು ದಿನ; ಇಪ್ಪತ್ತೊಂದಕ್ಕೆ ಮರಿ. ನಾಲ್ಕನೆಯ ಮಾಳಿಗೆಯಿಂದ ಇಳಿದು ಅಜ್ಜಿ ಮೊನ್ನೆ ಬಂದು ನೋಡಿ, ಮೊಟ್ಟೆಗಳನ್ನು ಕಿವಿಗೆ ಹಿಡಿದು ಎರಡನ್ನು ತೆಗೆದಿಡಿಸಿದರು. ಉಳಿದವುಗಳಲ್ಲಿ ಎಷ್ಟು ಒಡೆದರೂ ಎರಡು ತಿಂಗಳು ತುಂಬಿ ಚುಚ್ಚುಮದ್ದು ಆದ ಮೇಲೆ ಜೋಡಿಯಾಗಿ ಕೊಡುತ್ತೇವೆ. ವೃತ್ತಪತ್ರಿಕೆಯ ಮೇಜಿನ ಮೇಲೆ ಹಸಿರು ರಟ್ಟಿನ ಪುಸ್ತಕ ಇಟ್ಟಿದೆ. ಹೆಸರು, ಮನೆಯ ಗುರುತು, ಸಂಜೆ ಬಾಗಿಲು ಹಾಕುವವರ ಹೆಸರು, ಇಷ್ಟು ಬರೆಯಬೇಕು. ಬೆಳಗಿನ ಪಾಳಿಯವರು ಇಂದೇ ಬರೆಯಬಹುದು. ಎರಡನೆಯ ಪಾಳಿಯವರು ಬಾಗಿಲು ಹಾಕುವ ಹುಡುಗನನ್ನು ಭಾನುವಾರ ಜೊತೆಗೆ ಕರೆತರಲಿ. ಅವನಿಗೆ ಅಗುಳಿ ಹೇಗೆ ಬಿಗಿಯುವುದೆಂದು ನಾವೇ ತೋರಿಸುತ್ತೇವೆ.